ಡ್ರಮ್ಮಿನೊಳಗಿನ ನೀಲಿ

ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ. ಹಿಂದಿನ ದಿನದಿಂದ ಮಳೆ ಬಿಟ್ಟು ಹೊಳವಾಗಿತ್ತು, ಅದೇ ಸಂದಿನಲ್ಲಿ ಅಪ್ಪ ಎರಡನೇ ಸಲದ ಮದ್ದು ಬಿಡುವ ಕೆಲಸ ಮುಗಿಸಿಬಿಟ್ಟಿದ್ದರು. ಪುತ್ತೂರು ಕಡೆಯ ಅಡಿಕೆ ತೋಟದವರಿಗೆ ಮದ್ದು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕೊಳೆರೋಗ ಬಾರದಿರಲಿ ಅಂತ ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಅದು. 1 ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರು ಕಡು ನೀಲಿ, ಸುಣ್ಣದ ನೀರು ಬಿಳಿ. ಎರಡೂ ಸೇರಿದರೆ ಒಂದು ತಿಳಿ ನೀಲಿ ಬರುತ್ತದೆ. ಆ ನೀಲಿ ನಮ್ಮ ಮನೆಯ ಸುತ್ತ ಎಲ್ಲ ಕಡೆ ಇದೆ. ಅಂಗಳದ ಮೂಲೆಯ ಕಲ್ಲಿನ ಮೇಲೆ, ಪಂಪಿನ ಪೈಪಿನ ಮೇಲೆ, ಅಪ್ಪನ ಹಳೇ ಅಂಗಿಯ ತೋಳಿನ ಮೇಲೆ, ದನದ ಹಟ್ಟಿಯ ಕೆಂಪು ಮುರಕಲ್ಲಿನ ಗೋಡೆಯ ಮೇಲೆ.

ಖಾಲಿಯಾದ ಡ್ರಮ್ಮನ್ನು ಹಟ್ಟಿಯ ಮಾಡಿನಡಿ ಅಡ್ಡ ಮಲಗಿಸಿದ್ದರು. ಬಗ್ಗಿ ನೋಡಿದೆ. ಎಷ್ಟೋ ವರ್ಷಗಳ ಮದ್ದು ಒಳಮೈಗೆ ಪದರ ಪದರವಾಗಿ ಅಂಟಿ, ಒಣಗಿ, ಬಿರುಕು ಬಿಟ್ಟಿತ್ತು. ಕೆಲವು ಕಡೆ ಹೊಪ್ಪಳೆ ಎದ್ದು ಅದರ ಅಂಚು ಮೇಲಕ್ಕೆ ಸುರುಳಿ ಸುತ್ತಿತ್ತು. ಹಟ್ಟಿಯ ಬಾಗಿಲಿನಿಂದ ಬರುತ್ತಿದ್ದ ಬೆಳಕು ಅಡ್ಡಲಾಗಿ ಬೀಳುತ್ತಿದ್ದುದರಿಂದ ಪ್ರತಿಯೊಂದು ಹೊಪ್ಪಳೆಗೂ ಒಂದು ಪುಟ್ಟ ನೆರಳು. ಫೋನ್ ತೆಗೆದು ಫೋಟೊ ಹೊಡೆಯಲು ಶುರು ಮಾಡಿದೆ. ಹದಿನಾಲ್ಕು ಫೋಟೊ ತೆಗೆದೆ. ಹದಿನಾಲ್ಕರಲ್ಲೂ ಆ ನೀಲಿ ಇರಲಿಲ್ಲ. ಬೂದಿ ಕಲಸಿದ ನೀರಿನ ಹಾಗೆ ಏನೋ ಒಂದು ಬಣ್ಣ ಬಂದಿತ್ತು.

ಇದು ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಯಾವ ಬೆಳಕಿನಲ್ಲೂ ಬಿಳಿ ಬಿಳಿಯಾಗೇ ಕಾಣಬೇಕು ಅಂತ ಫೋನ್ ಬಣ್ಣಗಳನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ಚಿತ್ರದಲ್ಲಿ ನಾಲ್ಕಾರು ಬಣ್ಣ ಇದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಇಡೀ ಚೌಕಟ್ಟಿನ ತುಂಬ ಒಂದೇ ನೀಲಿ ಇದ್ದರೆ, ಇಲ್ಲಿನ ಬೆಳಕೇ ನೀಲಿಯಾಗಿದೆ ಅಂತ ಅದು ತಿಳಿದುಕೊಳ್ಳುತ್ತದೆ, ಆ ನೀಲಿಯನ್ನು ಕಳೆಯಲು ಹಳದಿ ಸೇರಿಸುತ್ತದೆ. ಅಂದರೆ ನಾನು ಯಾವುದನ್ನು ನೋಡಿ ನಿಂತೆನೋ ಸರಿಯಾಗಿ ಅದನ್ನೇ ಅದು ಒರೆಸಿಹಾಕುತ್ತದೆ. ಅಬ್‌ಸ್ಟ್ರಾಕ್ಟ್ ಫೋಟೊ, ಅಂದರೆ ವಸ್ತು ಯಾವುದು ಅಂತ ಗೊತ್ತಾಗದ ಹಾಗೆ ಬಣ್ಣ, ಮೈ, ಬೆಳಕನ್ನಷ್ಟೇ ಹಿಡಿಯುವ ಅಮೂರ್ತ ಫೋಟೊ ತೆಗೆಯುವವರಿಗೆ ಇದು ಮತ್ತೆ ಮತ್ತೆ ಎದುರಾಗುವ ತೊಂದರೆ, ಯಾಕೆಂದರೆ ನಾವು ಹತ್ತಿರ ಹೋಗುತ್ತೇವೆ, ಸುತ್ತಲಿನದನ್ನು ಹೊರಗಿಡುತ್ತೇವೆ, ಕೊನೆಗೆ ಒಂದೆರಡು ಬಣ್ಣ ಮಾತ್ರ ಉಳಿಸಿಕೊಳ್ಳುತ್ತೇವೆ.

ಸಂಜೆ ಜಗಲಿಯಲ್ಲಿ ಕೂತು ಆ ಫೋಟೊಗಳನ್ನು ನೋಡುತ್ತಿದ್ದಾಗ ಅಪ್ಪ ಬೈರಾಸಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತರು. "ಇದೆಂತ ಮಾರಾಯ್ತಿ, ವಿಮಾನದಿಂದ ತೆಗೆದದ್ದಾ?" ಅಂದರು. ನಾನು ಏನೂ ಹೇಳದೆ ಫೋನನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡರು. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ನೋಡಿದರು. ಬೇಸಿಗೆಯ ಗದ್ದೆ ಬಿರುಕು ಬಿಟ್ಟದ್ದು ಅಂತ ಒಮ್ಮೆ ಅಂದರು, ಯಾವುದೋ ಹಳೇ ದೇವಸ್ಥಾನದ ಗೋಡೆಯಾ ಅಂತ ಇನ್ನೊಮ್ಮೆ ಕೇಳಿದರು. ಆಮೇಲೆ ತಟ್ಟನೆ, "ಇದು ನಮ್ಮ ಡ್ರಮ್ಮಲ್ವಾ!" ನಲವತ್ತು ವರ್ಷದಿಂದ ಕೈಯಾಡಿಸಿದ ಡ್ರಮ್ಮನ್ನು ಅವರು ಒಂದೆರಡು ನಿಮಿಷ ಅದೇನು ಅಂತ ಗೊತ್ತಿಲ್ಲದೆ ನೋಡಿದ್ದರು. ನನಗೆ ತುಂಬ ಸಂತೋಷವಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. "ಆದರೆ ಬಣ್ಣ ಹೀಗಲ್ಲ. ಇದು ಸುಣ್ಣ ಜಾಸ್ತಿ ಬಿದ್ದ ಮದ್ದಿನ ಹಾಗೆ ಕಾಣ್ತದೆ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮದ್ದಿನ ಬಣ್ಣದ ವಿಷಯದಲ್ಲಿ ಅಪ್ಪನ ಕಣ್ಣಿಗಿಂತ ದೊಡ್ಡ ಅಳತೆ ಇಲ್ಲ. ಮದ್ದು ಕಲಸುವಾಗ ಅವರು ಒಂದು ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಚೂರಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಮತ್ತಷ್ಟು ಸುಣ್ಣದ ನೀರು ಬೀಳಬೇಕು. ಆದರೆ ಚೂರಿ ಹಾಕುವ ಮೊದಲೇ ಅವರು ಬಣ್ಣ ನೋಡಿ ಹೇಳಿಬಿಡುತ್ತಾರೆ, ಚೂರಿ ಬರೀ ಖಾತ್ರಿಗೆ. ಅಂಥವರು ಬಣ್ಣ ಹೀಗಲ್ಲ ಅಂದರೆ ಹೀಗಲ್ಲ.

ಮರುದಿನ ಅದೇ ಹೊತ್ತಿಗೆ ಮತ್ತೆ ಡ್ರಮ್ಮಿನ ಹತ್ತಿರ ಹೋದೆ. ಈ ಸಲ ಎಲ್ಲವನ್ನೂ ನಾವೇ ಹೊಂದಿಸಬಹುದಾದ ಕ್ಯಾಮೆರಾದ ಪ್ರೊ ಮೋಡ್ ತೆರೆದು ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು 6000 ಕೆಲ್ವಿನ್ ಹತ್ತಿರ ನಿಲ್ಲಿಸಿದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಮೋಡದ ಬೆಳಕಿಗೆ ಸುಮಾರಾಗಿ ಅದು ಸರಿಹೋಗುತ್ತದೆ. ಬೇರೆ ಏನೂ ಮಾಡಬೇಕಾಗಿ ಬರಲಿಲ್ಲ, ನೀಲಿ ವಾಪಸ್ ಬಂತು. ಪ್ರೊ ಮೋಡ್ ಇಲ್ಲದ ಫೋನಿನಲ್ಲಾದರೆ ಇನ್ನೊಂದು ದಾರಿ ಇದೆ. ಸ್ವಲ್ಪ ದೂರ ನಿಂತು ಮುರಕಲ್ಲಿನ ಕೆಂಪು, ಹಟ್ಟಿಯ ನೆಲ, ಒಂದು ಬಿಳಿ ಬಟ್ಟೆ ಏನಾದರೂ ಸೇರಿಸಿ ತೆಗೆದು, ಆಮೇಲೆ ಬೇಡದ್ದನ್ನು ಕ್ರಾಪ್ ಮಾಡಿದರಾಯಿತು. ಸುತ್ತ ಬೇರೆ ಬಣ್ಣ ಇದ್ದಾಗ ಫೋನ್ ಅಷ್ಟಾಗಿ ಮೋಸ ಹೋಗುವುದಿಲ್ಲ.

ಅಬ್‌ಸ್ಟ್ರಾಕ್ಟ್ ಫೋಟೊ ತೆಗೆಯಲು ಶುರು ಮಾಡಿ ನನಗೆ ಆರು ವರ್ಷ ಆಯಿತು. ಮೊದಲ ಎರಡು ವರ್ಷ ನಾನು ತೆಗೆದದ್ದರಲ್ಲಿ ಬಹಳಷ್ಟನ್ನು ಈಗ ನೋಡಲು ಮನಸ್ಸಾಗುವುದಿಲ್ಲ. ಅವು ಕೆಟ್ಟ ಫೋಟೊಗಳಲ್ಲ, ಕೆಡಿಸಿದ ಫೋಟೊಗಳು. ಇದು ಏನು ಅಂತಲೇ ಯಾರಿಗೂ ತಿಳಿಯದಿದ್ದ ಮೇಲೆ ಬಣ್ಣ ಹೇಗಿದ್ದರೇನು ಅಂತ ಆಗ ನನಗೆ ಅನಿಸುತ್ತಿತ್ತು. ಮುಖದ ಫೋಟೊದಲ್ಲಿ ಚರ್ಮ ಹಸಿರಾದರೆ ಯಾರಾದರೂ ಹೇಳುತ್ತಾರೆ. ಪಾಚಿ ಹಿಡಿದ ಗೋಡೆಯ ಹಸಿರು ಇದ್ದದ್ದಕ್ಕಿಂತ ಮೂರು ಪಟ್ಟು ಜಾಸ್ತಿಯಾದರೆ ಯಾರು ಕೇಳುತ್ತಾರೆ? ಹಾಗಾಗಿ ಬಣ್ಣದ ಗಾಢತೆಯ ಸ್ಯಾಚುರೇಶನ್ ಎಳೆಯುತ್ತಿದ್ದೆ, ಬೆಳಕು ಕತ್ತಲಿನ ಅಂತರದ ಕಾಂಟ್ರಾಸ್ಟ್ ಎಳೆಯುತ್ತಿದ್ದೆ, ಸ್ನ್ಯಾಪ್‌ಸೀಡ್ ಅನ್ನುವ ಎಡಿಟಿಂಗ್ ಆ್ಯಪ್‌ನಲ್ಲಿ ಸ್ಟ್ರಕ್ಚರ್ ಅನ್ನುವ ಒಂದು ಪಟ್ಟಿ ಇದೆ, ಅದನ್ನು ಕೊನೆಯವರೆಗೆ ಎಳೆದು ಗೋಡೆಯ ಒಂದೊಂದು ಕಣವೂ ಮುಳ್ಳಿನ ಹಾಗೆ ಎದ್ದು ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಬಹಳ ಜನ ಇಷ್ಟಪಟ್ಟರು. ಆದರೆ ಪಾಚಿ ಹಾಗಿರುವುದಿಲ್ಲ. ಪಾಚಿ ಮೆತ್ತಗಿರುತ್ತದೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಹೋಗುತ್ತದೆ. ನನ್ನ ಫೋಟೊದಲ್ಲಿ ಅದು ಕಲ್ಲಾಗಿತ್ತು.

ಅಪ್ಪನ ಮಾತಿನ ನಂತರ ನನಗೆ ಗಟ್ಟಿಯಾಗಿ ಅನಿಸಿದ್ದು ಇದು. ಚಿತ್ರದಿಂದ ವಸ್ತುವಿನ ಹೆಸರನ್ನು ತೆಗೆದುಹಾಕಿದ ಮೇಲೆ ಅಲ್ಲಿ ಉಳಿಯುವುದು ಅದರ ಬಣ್ಣ, ಅದರ ಮೈ, ಅದರ ಮೇಲೆ ಬಿದ್ದ ಬೆಳಕು ಇಷ್ಟೇ. ಅದನ್ನೂ ಸುಳ್ಳು ಮಾಡಿದರೆ ಇನ್ನೇನು ಉಳಿಯಿತು? ಆದ್ದರಿಂದ ಅಮೂರ್ತ ಫೋಟೊವನ್ನು ಎಡಿಟ್ ಮಾಡುವಾಗ ಕೈ ಇನ್ನೂ ಬಿಗಿಯಾಗಿರಬೇಕು ಅಂತ ನನ್ನ ನಂಬಿಕೆ. ಇದನ್ನು ಒಪ್ಪದವರು ಇದ್ದಾರೆ. ಬಣ್ಣ ಬದಲಿಸಿ, ಒಂದರ ಮೇಲೊಂದು ಚಿತ್ರ ಸೇರಿಸಿ, ನಿಜಕ್ಕೂ ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ, ಅವರ ದಾರಿ ಬೇರೆ. ನನಗೆ ಬೇಕಾದದ್ದು ನಮ್ಮ ಹಟ್ಟಿಯ ನೀಲಿ.

ಫೋನ್ ಕ್ಯಾಮೆರಾದ ಸ್ವಭಾವ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ನಾವು ಒಂದು ಸಲ ಗುಂಡಿ ಒತ್ತಿದರೆ ಅದು ಹಲವು ಚಿತ್ರ ತೆಗೆದು ಬೆಸೆದು ಒಂದು ಮಾಡುತ್ತದೆ. ಕತ್ತಲೆಯನ್ನು ಎತ್ತುತ್ತದೆ, ಜಾಸ್ತಿ ಬೆಳಕನ್ನು ತಗ್ಗಿಸುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ, ಮುಖ ಕಂಡರೆ ಅದನ್ನು ಹುಡುಕಿ ಬೆಳಗುತ್ತದೆ. ಇದೆಲ್ಲ ಯಾಕೆ? ಚಿತ್ರದಲ್ಲಿ ಏನಿದೆ ಅಂತ ನೋಡಿದ ಕೂಡಲೇ ಗೊತ್ತಾಗಲಿ ಅಂತ. ಮಗುವಿನ ಹುಟ್ಟುಹಬ್ಬದ ಫೋಟೊಗೆ ಅದು ಬೇಕೇ ಬೇಕು. ಆದರೆ ಡ್ರಮ್ಮಿನೊಳಗಿನ ನೆರಳು ಕಪ್ಪಾಗೇ ಇರಬೇಕು, ಅದರ ಆಚೆ ಏನಿದೆ ಅಂತ ಕಾಣಿಸಬಾರದು ಅಂತ ನಾವು ಬಯಸಿದರೆ ಫೋನಿನ ಜೊತೆ ಸ್ವಲ್ಪ ಹಟ ಮಾಡಬೇಕಾಗುತ್ತದೆ. ಪರದೆಯ ಮೇಲೆ ಬೇಕಾದ ಜಾಗವನ್ನು ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ಲಾಕ್ ಆಗುತ್ತವೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆಯಬೇಕು. ನಾನು ಹೆಚ್ಚು ಕಡಿಮೆ ಎಲ್ಲ ಫೋಟೊಗಳಲ್ಲೂ ಕೆಳಗೆ ಎಳೆಯುತ್ತೇನೆ. ಕತ್ತಲಿಗೆ ತಾನು ಕತ್ತಲಾಗಿರುವ ಹಕ್ಕು ಬೇಕು.

ಹತ್ತಿರ ಹೋಗುವುದರಲ್ಲೂ ಒಂದು ಎಚ್ಚರ ಬೇಕು. ಎರಡು ಮೂರು ಲೆನ್ಸ್ ಇರುವ ಹಲವು ಫೋನುಗಳು, ನಾವು ಒಂದು ಹಂತಕ್ಕಿಂತ ಹತ್ತಿರ ಹೋದ ಕೂಡಲೇ ಸದ್ದಿಲ್ಲದೆ ಅಗಲದ ಲೆನ್ಸಿಗೆ ಬದಲಾಗಿಬಿಡುತ್ತವೆ. ಚಿತ್ರ ಒಮ್ಮೆ ಸಣ್ಣಗೆ ಹಾರಿದಂತೆ ಕಾಣುತ್ತದಲ್ಲ, ಆಗ ಆಗುವುದು ಅದೇ. ಆ ಲೆನ್ಸು ಅಂಚುಗಳನ್ನು ಎಳೆದು ವಕ್ರ ಮಾಡುತ್ತದೆ, ಸಾಮಾನ್ಯವಾಗಿ ಅದರ ಸೆನ್ಸರ್ ಕೂಡ ಚಿಕ್ಕದು. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಂತು ಮುಖ್ಯ ಲೆನ್ಸಿನಲ್ಲೇ ತೆಗೆದು ಕ್ರಾಪ್ ಮಾಡುವುದು ನನಗೆ ಇಷ್ಟ. ಗೋಡೆಗೆ ಫೋನನ್ನು ಸರಿಯಾಗಿ ಎದುರು ಹಿಡಿಯಬೇಕು, ಒಂದಿಷ್ಟೂ ಓರೆ ಇರಬಾರದು. ಓರೆಯಾದರೆ ಆಳ ಬರುತ್ತದೆ, ಆಳ ಬಂದರೆ ಇದು ಗೋಡೆ ಅಂತ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ.

ಕಣ್ಣಿಗೆ ಏನು ಹೇಗೆ ಗೊತ್ತಾಗುತ್ತದೆ ಅನ್ನುವುದರಲ್ಲಿ ನನಗೆ ತುಂಬ ಆಶ್ಚರ್ಯ ಕೊಟ್ಟ ಸಂಗತಿ ಒಂದಿದೆ. ಡ್ರಮ್ಮಿನ ಫೋಟೊವನ್ನು ಎಡಿಟ್ ಮಾಡುತ್ತಿದ್ದಾಗ ಸುಮ್ನೆ ಒಮ್ಮೆ ತಲೆಕೆಳಗು ಮಾಡಿದೆ. ಎದ್ದು ನಿಂತಿದ್ದ ಹೊಪ್ಪಳೆಗಳೆಲ್ಲ ಒಮ್ಮೆಲೇ ಗುಂಡಿಗಳಾದವು! ಮತ್ತೆ ನೆಟ್ಟಗೆ ಮಾಡಿದರೆ ಗುಂಡಿಗಳೆಲ್ಲ ಎದ್ದು ಬಂದವು. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಅಂತ ನಮ್ಮ ಮಿದುಳು ನಂಬಿಕೊಂಡಿದೆ, ಸೂರ್ಯ ಮೇಲಿರುವ ಲೋಕದಲ್ಲಿ ಬೆಳೆದದ್ದು ತಾನೇ ಅದು. ನೆರಳು ಕೆಳಗಿದ್ದರೆ ಉಬ್ಬು, ನೆರಳು ಮೇಲಿದ್ದರೆ ತಗ್ಗು. ಚಂದ್ರನ ಮೇಲಿನ ಕುಳಿಗಳ ಚಿತ್ರವನ್ನು ತಿರುಗಿಸಿದರೂ ಹೀಗೇ ಆಗುತ್ತದೆ. ಅವತ್ತಿನಿಂದ ನಾನು ಪ್ರತಿಯೊಂದು ಫೋಟೊವನ್ನೂ ನಾಲ್ಕು ದಿಕ್ಕಿಗೂ ತಿರುಗಿಸಿ ನೋಡುತ್ತೇನೆ. ಬೇರೆ ಯಾವ ಫಿಲ್ಟರೂ ಮಾಡದ ಕೆಲಸವನ್ನು ಈ ತಿರುಗಿಸುವುದು ಮಾಡುತ್ತದೆ, ಅದೂ ಒಂದೇ ಒಂದು ಬಣ್ಣವನ್ನೂ ಮುಟ್ಟದೆ. ಡ್ರಮ್ಮಿನ ಫೋಟೊ ಕೊನೆಗೆ ನಿಂತದ್ದು ತಲೆಕೆಳಗಾಗಿಯೇ.

ಆ ಒಂದು ಫೋಟೊವನ್ನು ನಾನು ಹೇಗೆ ಎಡಿಟ್ ಮಾಡಿದೆ ಅಂತ ಹೇಳುತ್ತೇನೆ. ರಾತ್ರಿ ಊಟವಾದ ಮೇಲೆ ಅಪ್ಪನನ್ನು ಪಕ್ಕ ಕೂರಿಸಿಕೊಂಡೆ. ಮೊದಲು ಕ್ರಾಪ್. ಡ್ರಮ್ಮಿನ ಬಾಯಿಯ ಅಂಚು ಒಂದು ಮೂಲೆಯಲ್ಲಿ ಕಾಣುತ್ತಿತ್ತು, ಅದು ಇದ್ದರೆ ಡ್ರಮ್ ಅಂತ ಗೊತ್ತಾಗುತ್ತದೆ, ತೆಗೆದೆ. ಆಮೇಲೆ ಕರ್ವ್ಸ್, ಅಂದರೆ ಒಂದು ಗೆರೆಯನ್ನು ಎಳೆದು ಕತ್ತಲು ಬೆಳಕು ಹೊಂದಿಸುವ ಉಪಕರಣ. ಕೆಳಗಿನ ತುದಿಯನ್ನು ಚೂರೇ ಚೂರು ಬಲಕ್ಕೆ ಸರಿಸಿ, ನೆರಳುಗಳನ್ನು ಕಪ್ಪಿಗೆ ತಂದೆ. ಮೇಲಿನ ತುದಿಯನ್ನು ಮುಟ್ಟಲಿಲ್ಲ, ಆ ಹೊಪ್ಪಳೆಗಳ ಅಂಚಿನ ಬಿಳಿ ಮೊದಲೇ ಸಾಕಷ್ಟಿತ್ತು. ಹಾಗೆ ಮಾಡಿದಾಗ ನೀಲಿ ತಾನಾಗೇ ಸ್ವಲ್ಪ ಗಾಢವಾಯಿತು. ಅಪ್ಪ "ಈಗ ಮೈಲುತುತ್ತು ಜಾಸ್ತಿಯಾಯ್ತು" ಅಂದರು. ಸ್ಯಾಚುರೇಶನ್ ಕಡಿಮೆ ಮಾಡುತ್ತ ಬಂದೆ, ಸ್ಲೈಡರಿನ ಮೇಲೆ ನನ್ನ ಬೆರಳು, ಪರದೆಯ ಮೇಲೆ ಅವರ ಕಣ್ಣು. "ಸಾಕು" ಅಂದಲ್ಲಿ ನಿಲ್ಲಿಸಿದೆ. ಮೈನಸ್ 8 ಇತ್ತು. ಅಂದರೆ ಮೊದಲಿನ ಎರಡು ವರ್ಷ ನಾನು ಯಾವ ದಿಕ್ಕಿಗೆ ಎಳೆಯುತ್ತಿದ್ದೆನೋ ಅದರ ಎದುರು ದಿಕ್ಕು. ಒಂದು ಕಡೆ ಜೇಡನ ಬಲೆಯ ಒಂದು ಎಳೆ ಅಡ್ಡ ಬಂದಿತ್ತು, ಹೀಲಿಂಗ್ ಅನ್ನುವ ಉಪಕರಣದಲ್ಲಿ ಒಂದು ಸಲ ಒರೆಸಿದರೆ ಹೋಗುತ್ತಿತ್ತು. ಒರೆಸಲಿಲ್ಲ. ಅದು ಅಲ್ಲಿ ಇತ್ತು.

ಒಂದು ಕಿವಿಮಾತು, ಇದನ್ನು ನಾನು ನಷ್ಟ ಅನುಭವಿಸಿ ಕಲಿತದ್ದು. ಎಡಿಟ್ ಮಾಡಿದ್ದನ್ನು ಯಾವಾಗಲೂ ಬೇರೆ ಕಾಪಿಯಾಗಿ ಉಳಿಸಿ. ಮೊದಲ ವರ್ಷ ನಾನು ಮೂಲ ಚಿತ್ರದ ಮೇಲೆಯೇ ಸೇವ್ ಮಾಡುತ್ತಿದ್ದೆ. ಅಜ್ಜನ ಮನೆಯ ಕಾವಿ ನೆಲದ ಫೋಟೊಗಳು, ಮನೆ ಕೆಡವುವ ಮೊದಲು ತೆಗೆದವು, ಎಲ್ಲವೂ ಈಗ ನನ್ನ ಹತ್ತಿರ ಕಿತ್ತಳೆ ಬಣ್ಣದಲ್ಲಿವೆ. ಆ ನೆಲದ ಕೆಂಪು ಹೇಗಿತ್ತು ಅಂತ ನೋಡಲು ಈಗ ನೆಲವೂ ಇಲ್ಲ, ಮೂಲ ಚಿತ್ರವೂ ಇಲ್ಲ. ಫೋನಿನಲ್ಲಿ ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದನ್ನು ಹೆಚ್ಚು ಕಡಿಮೆ ಹಾಗೇ ಉಳಿಸುವ ಫೈಲ್ ತೆಗೆಯಲು ಆಗುವುದಾದರೆ ಮುಖ್ಯ ಅನಿಸಿದ ಚಿತ್ರಗಳನ್ನು ಹಾಗೆ ತೆಗೆಯಿರಿ. ಮಾಮೂಲಿ ಜೆಪೆಗ್ ಫೋಟೊದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಆಕಾಶದ ಹಾಗೆ ಮೆಲ್ಲ ಮೆಲ್ಲ ಬದಲಾಗುವ ಬಣ್ಣವನ್ನು ಜಾಸ್ತಿ ಎಳೆದರೆ ಆ ಮೆಟ್ಟಿಲುಗಳು ಪಟ್ಟಿ ಪಟ್ಟಿಯಾಗಿ ಕಂಡುಬಿಡುತ್ತವೆ. ರಾ ಫೈಲಿನಲ್ಲಿ ಮೆಟ್ಟಿಲುಗಳು ಹೆಚ್ಚು, ಬಣ್ಣವನ್ನು ಆಮೇಲೆ ಬೇಕಾದಂತೆ ಕೂರಿಸಲೂ ಸುಲಭ. ಜಾಗ ಹಿಡಿಯುತ್ತದೆ ಅನ್ನುವುದು ನಿಜ.

ಇದೆಲ್ಲ ಫೋನ್ ಬಂದ ಮೇಲೆ ಹುಟ್ಟಿದ ಆಸೆಯಲ್ಲ ಅಂತ ತಿಳಿದಾಗ ನನಗೆ ಒಂದು ಬಗೆಯ ಧೈರ್ಯ ಬಂತು. 1916ರಲ್ಲಿ ಅಮೆರಿಕದ ಪಾಲ್ ಸ್ಟ್ರಾಂಡ್ ಕನೆಕ್ಟಿಕಟ್‌ನ ಟ್ವಿನ್ ಲೇಕ್ಸ್ ಅನ್ನುವಲ್ಲಿ ಜಗಲಿಯ ಕಟಾಂಜನದ ನೆರಳು ದುಂಡು ಮೇಜಿನ ಮೇಲೆ ಬಿದ್ದದ್ದನ್ನು ಫೋಟೊ ತೆಗೆದ. ನೋಡಿದರೆ ಕಪ್ಪು ಬಿಳಿ ಪಟ್ಟಿಗಳು, ಒಂದು ಬಾಗಿದ ಗೆರೆ, ಅಷ್ಟೇ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ಮೂರು ಕನ್ನಡಿಗಳನ್ನು ಒಟ್ಟಿಗೆ ಕಟ್ಟಿ, ನಾವು ಜಾತ್ರೆಯಲ್ಲಿ ಕೊಂಡು ಕಣ್ಣಿಗೆ ಹಿಡಿಯುತ್ತಿದ್ದ ಬಳೆಚೂರಿನ ಕೊಳವೆಯ ಹಾಗೆ ಮಾಡಿ, ಅದರ ಮೂಲಕ ಫೋಟೊ ತೆಗೆದ. 1922ರಿಂದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಮೋಡಗಳನ್ನು ತೆಗೆಯತೊಡಗಿದ, ಆ ಚಿತ್ರಗಳಲ್ಲಿ ಎಷ್ಟೋ ಸಲ ನೆಲವೂ ಇಲ್ಲ, ದಿಗಂತವೂ ಇಲ್ಲ, ಯಾವ ಕಡೆ ಮೇಲೆ ಅಂತ ಹೇಳಲಾಗುವುದಿಲ್ಲ. ಆದರೆ ನನಗೆ ಎಲ್ಲರಿಗಿಂತ ಹತ್ತಿರದವನು ಆ್ಯರನ್ ಸಿಸ್ಕಿಂಡ್. ಮೊದಲು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜನರ ಬದುಕನ್ನು ದಾಖಲಿಸುತ್ತಿದ್ದವನು, 1940ರ ದಶಕದಲ್ಲಿ ಗೋಡೆಗಳ ಕಡೆ ತಿರುಗಿದ. ಕಿತ್ತುಬಂದ ಬಣ್ಣ, ಹರಿದ ಪೋಸ್ಟರು, ಕಲ್ಲು, ಹಗ್ಗ. ಎದುರಿಗೆ ನೇರವಾಗಿ ನಿಂತು ತೆಗೆದ ಚಿತ್ರಗಳು. ಅವುಗಳನ್ನು ಮೊದಲ ಸಲ ನೋಡಿದಾಗ ನಮ್ಮ ಹಟ್ಟಿಯ ಗೋಡೆ ನೆನಪಾಯಿತು.

ನಮ್ಮ ದೇಶದಲ್ಲಿ ನಸ್ರೀನ್ ಮೊಹಮದಿ ಇದ್ದರು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಕಲೆ ಕಲಿಸುತ್ತ, ಬರೀ ಗೆರೆಗಳಲ್ಲಿ ಚಿತ್ರ ಬರೆದ ಕಲಾವಿದೆ. ಅವರು ಫೋಟೊಗಳನ್ನೂ ತೆಗೆಯುತ್ತಿದ್ದರು. ಮಗ್ಗದ ನೂಲು, ಕಲ್ಲುಹಾಸಿನ ಗೆರೆ, ನೆರಳು, ಕಡಲ ದಂಡೆ. 1990ರಲ್ಲಿ ತೀರಿಕೊಳ್ಳುವವರೆಗೂ ಆ ಫೋಟೊಗಳನ್ನು ಅವರು ಪ್ರದರ್ಶನಕ್ಕೆ ಇಡಲೇ ಇಲ್ಲ. ಯಾರಿಗೂ ತೋರಿಸಲು ಅಲ್ಲದೆ, ತಾನು ನೋಡುವುದಕ್ಕೋಸ್ಕರ ಫೋಟೊ ತೆಗೆಯುವುದು. ಇದನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಕೈಯಲ್ಲಿರುವ ಕ್ಯಾಮೆರಾ ತೆಗೆದ ಮರುಕ್ಷಣವೇ ಯಾರಿಗೆ ಕಳಿಸಲಿ ಅಂತ ಕೇಳುತ್ತದೆ.

ಬಣ್ಣ ತೆಗೆದು ಕಪ್ಪು ಬಿಳಿ ಮಾಡುವ ವಿಷಯಕ್ಕೆ ಬಂದರೆ, ನಾನು ಅದನ್ನು ಅಪರೂಪಕ್ಕೆ ಮಾಡುತ್ತೇನೆ, ಆದರೆ ಮಾಡಿದಾಗ ತುಂಬ ಹೊತ್ತು ಕೂರುತ್ತೇನೆ. ಹಟ್ಟಿಯ ಗೋಡೆ ಕೆಂಪು ಮುರಕಲ್ಲು. ಅದರ ಮೇಲೆ ಮದ್ದು ಸಿಡಿದ ನೀಲಿ ಕಲೆಗಳು. ಮಾಮೂಲಿಯಾಗಿ ಬಣ್ಣ ತೆಗೆದರೆ ಎರಡೂ ಹತ್ತಿರ ಹತ್ತಿರ ಒಂದೇ ಬೂದು ಆಗಿ ಕಲೆಗಳು ಮಾಯವಾಗುತ್ತವೆ. ಸ್ನ್ಯಾಪ್‌ಸೀಡ್‌ನ ಬ್ಲ್ಯಾಕ್ ಆ್ಯಂಡ್ ವೈಟ್‌ನಲ್ಲಿ ಬಣ್ಣದ ಫಿಲ್ಟರ್ ಆರಿಸುವ ಅವಕಾಶ ಇದೆ. ಹಿಂದೆ ಕಪ್ಪು ಬಿಳಿ ರೀಲಿನ ಕಾಲದಲ್ಲಿ ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕುತ್ತಿದ್ದರಲ್ಲ, ಅದೇ. ಕೆಂಪು ಆರಿಸಿದರೆ ಕಲ್ಲು ಬೆಳಗುತ್ತದೆ, ಕಲೆ ಕಪ್ಪಾಗುತ್ತದೆ. ನೀಲಿ ಆರಿಸಿದರೆ ಕಲ್ಲು ಕಪ್ಪಾಗಿ ಕಲೆಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ. ಒಂದೇ ಗೋಡೆ, ಹಗಲು ಮತ್ತು ರಾತ್ರಿ. ಎರಡನ್ನೂ ಇಟ್ಟುಕೊಂಡಿದ್ದೇನೆ, ಯಾವುದು ಹೆಚ್ಚು ಸರಿ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಬೆಂಗಳೂರಿನಲ್ಲಿ ನನಗೆ ಹಟ್ಟಿಯೂ ಇಲ್ಲ, ಮದ್ದಿನ ಡ್ರಮ್ಮೂ ಇಲ್ಲ. ಬಾಡಿಗೆ ಮನೆಯ ಎರಡನೇ ಮಹಡಿ, ಒಂದು ಚಿಕ್ಕ ಬಾಲ್ಕನಿ. ಅಲ್ಲಿ ಮಾಡಿದ್ದರಲ್ಲಿ ಒಂದನ್ನು ಹೇಳಲೇಬೇಕು. ಬೇಸಿಗೆ ರಜೆಗೆ ಬಂದಿದ್ದ ಅಣ್ಣನ ಮಗಳು ಜಾಮಿಟ್ರಿ ಬಾಕ್ಸ್ ಹರಡಿಕೊಂಡು ಕೂತಿದ್ದಳು. ಲ್ಯಾಪ್‌ಟಾಪಿನ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದೆ. ಅದರ ಎದುರು ಅವಳ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು ಹಿಡಿದೆವು. ಫೋನಿನ ಲೆನ್ಸಿನ ಮುಂದೆ ನನ್ನ ಪೋಲರಾಯ್ಡ್ ತಂಪು ಕನ್ನಡಕ. ಕನ್ನಡಕವನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಪರದೆ ಕಪ್ಪಾಯಿತು, ಆ ಕಪ್ಪಿನ ನಡುವೆ ಸ್ಕೇಲು ಮಾತ್ರ ನೇರಳೆ, ಹಸಿರು, ಕೇಸರಿ ಅಲೆಗಳಾಗಿ ಹೊತ್ತಿಕೊಂಡಿತು. ಅವಳು "ಅತ್ತೆ, ಇದು ನನ್ನ ಸ್ಕೇಲಾ?" ಅಂತ ಅದನ್ನು ತೆಗೆದು ನೋಡಿದಳು, ಮತ್ತೆ ಹಿಡಿದಳು, ಮತ್ತೆ ತೆಗೆದಳು. ಎಲ್‌ಸಿಡಿ ಪರದೆಯಿಂದ ಬರುವ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಆಡುತ್ತವೆ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದು ತಣಿಸುವಾಗ ಅದರೊಳಗೆ ಒಂದು ಬಿಗಿತ ಸಿಕ್ಕಿಹಾಕಿಕೊಂಡಿರುತ್ತದೆ, ಆ ಬಿಗಿತ ಬೆಳಕಿನ ದಿಕ್ಕನ್ನು ಬಣ್ಣಕ್ಕೊಂದರಂತೆ ಬದಲಿಸುತ್ತದೆ, ಕನ್ನಡಕ ಅದನ್ನು ಸೋಸಿ ತೋರಿಸುತ್ತದೆ. ಅಂಚಿನಲ್ಲಿ, ತೂತಿನ ಸುತ್ತ ಬಣ್ಣದ ಗೆರೆಗಳು ಒತ್ತೊತ್ತಾಗಿದ್ದವು. ಅಲ್ಲಿ ಬಿಗಿತ ಜಾಸ್ತಿ. ಆ ಫೋಟೊಗಳಿಗೆ ನಾನು ಎಡಿಟ್ ಅಂತ ಏನೂ ಮಾಡಲಿಲ್ಲ. ಬಣ್ಣಗಳು ಇಷ್ಟು ಗಾಢವಾಗಿದ್ದರೂ ಅವು ನಿಜವಾದವು ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಅದೊಂದು ಬೇಸರ.

ಡ್ರಮ್ಮಿನ ಫೋಟೊವನ್ನು ಪ್ರಿಂಟ್ ಹಾಕಿಸಬೇಕು ಅಂತ ಮನಸ್ಸಾಯಿತು. 12 ಮೆಗಾಪಿಕ್ಸೆಲ್ ಚಿತ್ರ ಅಂದರೆ ಸುಮಾರು 4000 ಅಡ್ಡ 3000 ಚುಕ್ಕೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 13 ಇಂಚು ಅಗಲ, 10 ಇಂಚು ಎತ್ತರ ಆರಾಮಾಗಿ ಬರುತ್ತದೆ. ನಾನು ಕ್ರಾಪ್ ಮಾಡಿದ್ದರಿಂದ 10 ಅಡ್ಡ 8ಕ್ಕೆ ಇಳಿಸಿದೆ. ಒಂದು ಸ್ಟುಡಿಯೋಗೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋಗಿ ಕವರ್ ತೆರೆದರೆ ಮತ್ತೆ ಅದೇ ಬೂದು! ಫೋನ್ ಮಾಡಿದ್ದನ್ನೇ ಅವರ ಮಿಷನ್ ಮಾಡಿತ್ತು, ನೀಲಿ ಜಾಸ್ತಿ ಇದೆ ಅಂತ ತಾನೇ ಸರಿಮಾಡಿತ್ತು. ನೆರಳನ್ನೂ ಎತ್ತಿಬಿಟ್ಟಿತ್ತು. ಅಲ್ಲಿದ್ದ ಹುಡುಗ ಒಳ್ಳೆಯವನು, "ಮೇಡಂ, ಕತ್ತಲೆ ಇತ್ತಲ್ಲ, ಅದಕ್ಕೆ ಬ್ರೈಟ್ ಮಾಡಿದೆ" ಅಂದ. ಅವನಿಗೆ ಡ್ರಮ್ಮಿನ ಕಥೆ ಹೇಳಿದೆ. ಎರಡನೇ ಸಲ ಕಲರ್ ಕರೆಕ್ಷನ್ ಪೂರ್ತಿ ಆಫ್ ಮಾಡಿ, ಮ್ಯಾಟ್ ಪೇಪರಿನಲ್ಲಿ ಹಾಕಿಕೊಟ್ಟ. ಹೊಳೆಯುವ ಪೇಪರಿಗಿಂತ ಮ್ಯಾಟ್ ಇಂಥ ಚಿತ್ರಕ್ಕೆ ಎಷ್ಟೋ ವಾಸಿ. ಒಣಗಿದ ಮದ್ದು ಹೊಳೆಯುವುದಿಲ್ಲ, ಪುಡಿ ಪುಡಿಯಾಗಿರುತ್ತದೆ. ಬೆರಳಾಡಿಸಿದರೆ ಕೈಗೆ ಹತ್ತುವ ಹಾಗೆ ಆ ಪ್ರಿಂಟಿನಲ್ಲಿ ಕಂಡಿತು.

ಅದನ್ನು ಊರಿಗೆ ತಗೊಂಡು ಹೋದೆ. ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಈಗ ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಈ ಮದ್ದು ಮೊದಲು ಎಲ್ಲಿ ಶುರುವಾದದ್ದು ಗೊತ್ತುಂಟಾ ಅಂತ ಕೇಳಿದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಅನ್ನುವ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಬಗ್ಗೆ ಕೆಲಸ ಮಾಡಿದವರು. ಅಂದರೆ ಫ್ರಾನ್ಸಿನಲ್ಲಿ ಆ ನೀಲಿಯನ್ನು ಮೊದಲು ಬಳಿದದ್ದೇ ಕಣ್ಣಿಗೆ ಕಾಣಲಿ ಅಂತ. ಎಷ್ಟೋ ವರ್ಷ ಕಣ್ಣೆದುರೇ ಇದ್ದ ಬಣ್ಣದ ಹಿಂದೆ ಇಷ್ಟು ದೂರದ ಕಥೆ ಇದೆ ಅಂತ ಆ ದಿನ ನಾವಿಬ್ಬರೂ ಆ ಪ್ರಿಂಟನ್ನು ಮುಂದಿಟ್ಟುಕೊಂಡು ಮಾತಾಡಿದೆವು.

ಈಗ ಅದು ಜಗಲಿಯ ಗೋಡೆಯಲ್ಲಿದೆ. ಹೋದ ತಿಂಗಳು ದೂರದ ನೆಂಟರೊಬ್ಬರು ಊಟಕ್ಕೆ ಬಂದಿದ್ದರು. ಕೈ ತೊಳೆದು ಬಂದವರು ಅದರ ಎದುರು ನಿಂತರು. "ಇದು ಎಲ್ಲಿಯ ಕಡಲು?" ಅಂತ ಕೇಳಿದರು. ಒಂದು ಅಂಚನ್ನು ತೋರಿಸಿ, ಇದು ನೊರೆಯಾ ಅಂದರು. ಅಪ್ಪ ಕೂಡಲೇ ಉತ್ತರ ಕೊಡಲಿಲ್ಲ, ಅವರು ಇನ್ನಷ್ಟು ನೋಡಲಿ ಅಂತ ಸುಮ್ಮನೆ ನಿಂತಿದ್ದರು. ಆಮೇಲೆ "ಬನ್ನಿ, ತೋರಿಸ್ತೇನೆ" ಅಂತ ಹಟ್ಟಿಯ ಕಡೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ನೆಂಟರು ಡ್ರಮ್ಮಿನೊಳಗೆ ಬಗ್ಗಿ ನೋಡಿದರು, ತುಂಬ ಹೊತ್ತು ಬಗ್ಗಿಯೇ ಇದ್ದರು, ಆಮೇಲೆ ಕಿಸೆಯಿಂದ ಫೋನ್ ತೆಗೆದು ಕೈಯನ್ನು ಒಳಗೆ ಚಾಚಿದರು.

ಅಪ್ಪ ಅವರ ಹೆಗಲು ಮುಟ್ಟಿ ಹೇಳಿದರು. "ಅಷ್ಟು ಹತ್ತಿರ ಹೋಗ್ಬೇಡಿ, ಬಣ್ಣ ಹೋಗ್ತದೆ. ಸ್ವಲ್ಪ ಹಿಂದೆ ನಿಲ್ಲಿ."